ಹಲ್ಲಿನ ತಂತಿಯೂ ಮನೆಯ ಆರೈಕೆಯೂ

ಮಕ್ಕಳ ಹಲ್ಲಿನ ಸಾಲನ್ನು ನೇರಮಾಡುವದಕ್ಕಾಗಿ ತಂತಿಯನ್ನು ಹಾಕಿಸಿದ ಮೇಲೆ ಮಿಕ್ಕುದೆಲ್ಲವೂ ದಂತವೈದ್ಯರ ಕೆಲಸವೆಂದು ನಮ್ಮಲ್ಲಿ ಅನೇಕ ತಾಯಂದಿರು ಭಾವಿಸಿರುವರು. ವೈದ್ಯರಾದರೋ ತಿಂಗಳಿಗೊಮ್ಮೆ ಸ್ವಲ್ಪ ಹೊತ್ತು ನೋಡಿ ಕಳುಹಿಸುವರು. ಉಳಿದ ದಿನಗಳಲ್ಲಿ ಆ ಬಾಯಿಯು ನಮ್ಮ ಮನೆಯಲ್ಲಿಯೇ ಇರುವದಷ್ಟೆ. ನನ್ನ 13 ವರುಷದ ಮಗಳಿಗೆ ತಂತಿ ಹಾಕಿಸಿದಂದಿನಿಂದ ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು ಈ ಶಾಲೆಯಲ್ಲಿ ಕಲಿತ ಸೋದರಿಯರ ಮುಂದಿಡುವೆನು.

ಹಿಂದೆ ಒಂದೊಂದು ಹಲ್ಲಿಗೂ ಲೋಹದ ಪಟ್ಟಿಯನ್ನು ಸುತ್ತಬೇಕಾಗಿತ್ತು. 1955ರಲ್ಲಿ ಅಮೆರಿಕದ ಮೈಕೆಲ್ ಬುವೊನೊಕೋರ್ ಎಂಬ ದಂತವೈದ್ಯರು ಹಲ್ಲಿನ ಹೊರಕವಚವನ್ನು ಆಮ್ಲದಿಂದ ತುಸು ಒರಟುಮಾಡಿದರೆ ಅಂಟು ಗಟ್ಟಿಯಾಗಿ ಹಿಡಿಯುವದೆಂದು ತೋರಿಸಿದರು. ಮುಂದೆ ಪುಟ್ಟ ಬ್ರಾಕೆಟ್ಟುಗಳನ್ನು ಹಲ್ಲಿಗೇ ಅಂಟಿಸುವ ಪದ್ಧತಿ ಬಂದಿತು. ನೋಟಕ್ಕೆ ಇದೇ ಮೇಲು. ಆದರೆ ಆ ಬ್ರಾಕೆಟ್ಟಿನ ಸುತ್ತಣ ಸಂದಿಗಳು ಅನ್ನದ ಅಗುಳಿಗೂ ಬೆಲ್ಲದ ಚೂರಿಗೂ ತಂಗುದಾಣವಾಗಿವೆ. ಅಲ್ಲಿ ಕಟ್ಟಿಕೊಳ್ಳುವ ಲೋಳೆಯಂತಹ ಪದರದಲ್ಲಿ ಸೂಕ್ಷ್ಮಜೀವಿಗಳು ಸಿಹಿಯಿಂದ ಆಮ್ಲವನ್ನು ಹುಟ್ಟಿಸುವವು. ಆ ಆಮ್ಲವು ಹಲ್ಲಿನ ಸುಣ್ಣಾಂಶವನ್ನು ಕರಗಿಸಿ, ಸೀಮೆಸುಣ್ಣದಂತಹ ಬಿಳಿಯ ಕಲೆಯನ್ನುಂಟುಮಾಡುವದು. ಇದಕ್ಕೆ ವರುಷಗಳು ಬೇಡ. 4 ವಾರಗಳಲ್ಲಿಯೇ ಕಾಣಿಸಿಕೊಳ್ಳಬಹುದು. ನಮ್ಮ ನೆರೆಮನೆಯ ಹುಡುಗಿಯ ಹಲ್ಲುಗಳು ಈಗ ಮುತ್ತಿನ ಸಾಲಿನಂತೆ ನೇರವಾಗಿವೆ. ಆದರೆ ಒಂದೊಂದರ ಮೇಲೂ ಬ್ರಾಕೆಟ್ಟಿನ ಗುರುತು ಉಳಿದುಬಿಟ್ಟಿದೆ. ತಂತಿಯಿಲ್ಲದಿದ್ದರೂ ಅವಳು ಕೈಯನ್ನು ಬಾಯಿಗೆ ಅಡ್ಡ ಹಿಡಿದೇ ನಗುತ್ತಾಳೆ.

"ಇದ್ದಿಲು, ಉಪ್ಪಿನಲ್ಲಿ ಉಜ್ಜಿದ ನನ್ನ ಹಲ್ಲು ಇಷ್ಟು ಕಾಲ ಬಾಳಲಿಲ್ಲವೇನಮ್ಮಾ?" ಎಂದು ನಮ್ಮ ಅತ್ತೆಯವರು ಕೇಳುವರು. "ನಿಮ್ಮ ಹಲ್ಲಿನ ಮೇಲೆ ತಂತಿಯಿರಲಿಲ್ಲವಲ್ಲಾ ಅತ್ತೆ" ಎಂದು ನಾನು ಹೇಳುವೆನು. ಇದ್ದಿಲಾಗಲಿ ಬೇವಿನ ಕಡ್ಡಿಯಾಗಲಿ ತಂತಿಯ ಮರೆಗೆ ಹೋಗಲಾರದು. ಫ್ಲೋರೈಡ್ ಬೆರೆತ ಪೇಸ್ಟನ್ನು ಮೆತ್ತನೆಯ ಬ್ರಷ್ಷಿಗೆ ಹಚ್ಚಿ, ಅದನ್ನು ಒಸಡಿನ ಕಡೆಗೆ ಓರೆಯಾಗಿ ಹಿಡಿದು, ಮೊದಲು ತಂತಿಯ ಮೇಲ್ಗಡೆ, ಬಳಿಕ ಕೆಳಗಡೆ ಉಜ್ಜತಕ್ಕದ್ದು. ಅನಂತರ ಕಡ್ಡಿಯಷ್ಟು ಸಣ್ಣ ಬ್ರಷ್ಷೊಂದನ್ನು ತಂತಿಯ ಹಿಂದೆ ತೂರಿಸಿ ಬ್ರಾಕೆಟ್ಟಿನ ಎರಡು ಮಗ್ಗುಲನ್ನೂ ಶುದ್ಧಮಾಡಬೇಕು. 2 ನಿಮಿಷಗಳು ಸಾಕೆಂಬುದು ತಂತಿಯಿಲ್ಲದವರ ಮಾತು. ಬೆಳಗ್ಗೆ ಅವಸರವಾದರೂ ಆದೀತು, ರಾತ್ರಿ ಆಗದು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವದರಿಂದ ಆಗ ಹಲ್ಲಿಗೆ ಕಾವಲಿಲ್ಲ. ನಿದ್ದೆಗಣ್ಣಿನ ಹುಡುಗಿಯನ್ನು ಕನ್ನಡಿಯ ಮುಂದೆ ನಿಲ್ಲಿಸುವದು ಸುಲಭವಲ್ಲವೆಂದು ಬಲ್ಲೆನು. ಆದರೂ ನಿಲ್ಲಿಸುತ್ತೇನೆ.

ಚಿಕ್ಕಿ, ಚಕ್ಕುಲಿ, ಕಬ್ಬು ಇವು ಬ್ರಾಕೆಟ್ಟನ್ನು ಕಿತ್ತುಬಿಡುವವು. ಸೀಬೆಹಣ್ಣನ್ನು ಕಚ್ಚದೆ ತೆಳ್ಳಗೆ ಹೆಚ್ಚಿ ತಿನ್ನಬೇಕು. ಕೆನ್ನೆಯ ಒಳಗಡೆ ತಂತಿ ಒತ್ತಿದರೆ ವೈದ್ಯರು ಕೊಟ್ಟ ಮೇಣವನ್ನು ಅದರ ಮೇಲೆ ಅಂಟಿಸಿ, ಉಪ್ಪು ಬೆರಸಿದ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿದರೆ ಹಿತವಾಗುವದು. ನಮ್ಮ ಸಾರಿನ ಅರಿಸಿನದಿಂದ ಬಿಳಿಯ ರಬ್ಬರು ಉಂಗುರಗಳು ಹಳದಿಯಾದುದನ್ನು ಕಂಡು ಮಗಳು ಅತ್ತುಬಿಟ್ಟಳು! ಹಳದಿಯಾದದ್ದು ರಬ್ಬರೇ ಹೊರತು ಹಲ್ಲಲ್ಲ. ಮುಂದಿನ ಸಲ ವೈದ್ಯರು ಅವನ್ನು ಬದಲಿಸಿದರು. ಈಗ ಬೂದುಬಣ್ಣದವನ್ನು ಕೇಳಿ ಹಾಕಿಸಿಕೊಳ್ಳುತ್ತಾಳೆ.

ಬರುವ ಬೇಸಗೆಯಲ್ಲಿ ತಂತಿಯನ್ನು ತೆಗೆಯುವರಂತೆ. ಆ ಬಳಿಕ ಹಲ್ಲುಗಳು ಹಳೆಯ ಸ್ಥಾನಕ್ಕೆ ಸರಿಯದಂತೆ ರಾತ್ರಿ ಹಾಕಿ ತೆಗೆಯುವ ಅಚ್ಚೊಂದನ್ನು ಕೊಡುವರು. ಅದನ್ನು ತಣ್ಣೀರಿನಲ್ಲಿಯೇ ತೊಳೆಯತಕ್ಕದ್ದು, ಬಿಸಿನೀರಿಗೆ ಆಕಾರಗೆಡುವದು.