ನಮ್ಮ ಕಾರಿನ ಎಣ್ಣೆಯ ಲೆಕ್ಕ

ಮಳೆಗಾಲದ ಒಂದು ಬೆಳಿಗ್ಗೆ, ಶಿರಾಡಿ ಘಾಟಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿವೆ ಎಂದು ಫೋನ್ ಬಂತು. ನಾವು ಮೂವರು ಸಕಲೇಶಪುರ ದಾಟಿ ಗುಂಡ್ಯದವರೆಗೂ ಇಳಿದು, ಫೋಟೊ ತೆಗೆದು, ಚಾಲಕರನ್ನು ಮಾತಾಡಿಸಿ ವಾಪಸ್ ಹತ್ತುತ್ತಿದ್ದೆವು. ಲಾರಿಗಳ ಹಿಂದೆ ಆಮೆ ನಡಿಗೆ. ಅರ್ಧ ದಾರಿಯಲ್ಲಿ ನಮ್ಮ ಕಾರು ವಿಚಿತ್ರವಾಗಿ ಆಡತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಆಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಒಂದು ಎಳೆತ. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟೆವು. ಅಂತೂ ಇಂತೂ ಮೇಲೆ ತಲುಪಿದೆವು. ಸುದ್ದಿ ಅಂದಿನ ಡೆಡ್‌ಲೈನ್‌ಗೆ ಸಿಗಲಿಲ್ಲ.

ಜಿಲ್ಲಾ ಸ್ಟ್ರಿಂಗರ್‌ಗಳಿಗೆ ಆಟೋಮ್ಯಾಟಿಕ್ ಕಾರಿನ ಶೋಕಿ ಯಾಕೆ ಎಂದು ಬಹಳ ಜನ ಕೇಳಿದ್ದಾರೆ. ನಮ್ಮಲ್ಲೊಬ್ಬನಿಗೆ ಬೈಕ್ ಅಪಘಾತವಾದ ಮೇಲೆ ಎಡಗಾಲಿನಲ್ಲಿ ಕ್ಲಚ್ ಒತ್ತುವ ಶಕ್ತಿ ಉಳಿದಿಲ್ಲ. ಬೈಕೂ ಆಗದು, ಗೇರ್ ಕಾರೂ ಆಗದು. ಹಾಗೆಂದು ಅವನು ಮನೆಯಲ್ಲಿ ಕೂತರೆ ಅವನ ತಾಲ್ಲೂಕಿನ ಸುದ್ದಿ ಬರೆಯುವವರಿಲ್ಲ, ಅವನ ಸಂಪಾದನೆಯೂ ಇಲ್ಲ. ಅದಕ್ಕೆ ಮೂವರೂ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆವು. ಕೊಂಡಾಗ ಮೀಟರ್‌ನಲ್ಲಿ 71 ಸಾವಿರ ಕಿ.ಮೀ., ಆ ದಿನ 98 ಸಾವಿರ.

ದೊಡ್ಡ ಸರ್ವಿಸ್ ಸೆಂಟರ್ ಒಂದಕ್ಕೆ ಒಯ್ದೆವು. ಎಣ್ಣೆ ಕಡ್ಡಿಯನ್ನೂ ಎಳೆದು ನೋಡದೆ, ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು, 1 ಲಕ್ಷ 20 ಸಾವಿರ ಆಗುತ್ತದೆ ಎಂದರು. ಎಣ್ಣೆ ಬದಲಿಸಿದರೆ ಹೇಗೆ ಎಂದು ಕೇಳಿದ್ದಕ್ಕೆ, 'ಇದು ಲೈಫ್‌ಟೈಮ್ ಆಯಿಲ್ ಸಾರ್, ಬದಲಿಸೋ ಹಾಗಿಲ್ಲ' ಎಂಬ ಉತ್ತರ. ನಮ್ಮ ಮೂವರ ಮೂರು ತಿಂಗಳ ಸಂಪಾದನೆ ಸೇರಿಸಿದರೂ ಆ ಮೊತ್ತ ಆಗುತ್ತಿರಲಿಲ್ಲ.

ಪರಿಚಯದ ಗ್ಯಾರೇಜ್ ಮೇಸ್ತ್ರಿ ಮೊದಲು ಕಡ್ಡಿ ಎಳೆದರು. ಬಿಳಿ ಬಟ್ಟೆಗೆ ಒರೆಸಿ ನಮ್ಮ ಮುಂದೆ ಹಿಡಿದರು. ಈ ಎಣ್ಣೆ ಹೊಸದರಲ್ಲಿ ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ನಮ್ಮದು ಕಡು ಕಂದು, ಸಣ್ಣಗೆ ಸುಟ್ಟ ವಾಸನೆ. 'ಏನ್ ಸಾರ್, ಊರಿನ ಟ್ಯಾಂಕ್ ಯಾವಾಗ ತೊಳೆದ್ರಿ ಅಂತ ಪಂಚಾಯ್ತಿಯೋರನ್ನ ಕೇಳ್ತೀರಿ. ಇದನ್ನ ಯಾವಾಗ ಬದಲಾಯ್ಸಿದ್ರು ಅಂತ ಕಾರು ಮಾರಿದೋನನ್ನ ಕೇಳ್ಲಿಲ್ವಾ?'

ಕೇಳಿರಲಿಲ್ಲ. ಆರ್‌ಸಿ, ಇನ್ಶೂರೆನ್ಸ್, ಟೈರ್ ನೋಡಿದ್ದೆವು. ಎಂಜಿನ್ ಆಯಿಲ್ ತಪ್ಪದೆ ಬದಲಿಸುತ್ತಿದ್ದೆವು. ಗೇರ್‌ಬಾಕ್ಸ್ ಎಣ್ಣೆ ಮಾತ್ರ ಮೂವರಲ್ಲಿ ಯಾರ ಕೆಲಸವೂ ಆಗಿರಲಿಲ್ಲ.

ಮೇಸ್ತ್ರಿ ಹೇಳಿದ ಮೇಲೆ ನಾವೂ ಕೂತು ಓದಿದೆವು. ಸಾಮಾನ್ಯ ಗೇರ್ ಕಾರಿನಲ್ಲಿ ಎಣ್ಣೆಯ ಮುಖ್ಯ ಕೆಲಸ ಹಲ್ಲುಗಳು ಸವೆಯದ ಹಾಗೆ ನೋಡಿಕೊಳ್ಳುವುದು. ನಮ್ಮಂಥ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರ್ ಮೂಲಕ ದಾಟಿಸುವುದೂ ಎಣ್ಣೆಯೇ, ಒತ್ತಡದಿಂದ ಒಳಗಿನ ಕ್ಲಚ್‌ಗಳನ್ನು ಹಿಡಿಸುವುದೂ ಎಣ್ಣೆಯೇ, ಬಿಸಿಯನ್ನು ಹೊರಗೆ ಸಾಗಿಸುವುದೂ ಅದೇ. ಘಾಟಿಯಲ್ಲಿ ನಿಧಾನವಾಗಿ ಹತ್ತುವಾಗ ಅದು ವಿಪರೀತ ಕಾಯುತ್ತದೆ. ಕಾದಷ್ಟೂ ಬೇಗ ಕೆಡುತ್ತದೆ. 'ಲೈಫ್‌ಟೈಮ್' ಎನ್ನುವುದನ್ನು ಪೂರ್ತಿ ನಂಬುವ ಹಾಗಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಲ್ಲಿ ಬಳಕೆಗೆ ತಕ್ಕಂತೆ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೆ, ತಡವೆಂದರೆ 8 ವರ್ಷಕ್ಕೆ ಎಣ್ಣೆ ಬದಲಿಸಿ ಎನ್ನುತ್ತದೆ. ಘಾಟಿ, ಭಾರ, ಟ್ರಾಫಿಕ್‌ನಲ್ಲಿ ಓಡುವ ಗಾಡಿಗೆ ಇನ್ನೂ ಮೊದಲೇ ಬದಲಿಸುವುದು ಕ್ಷೇಮ.

ಹಳೇ ಎಣ್ಣೆ ಬದಲಿಸಿದರೆ ಗೇರ್‌ಬಾಕ್ಸ್ ಹೋಗಿಬಿಡುತ್ತದೆ ಎಂಬ ಮಾತೂ ನಮ್ಮನ್ನು ಹೆದರಿಸಿತ್ತು. ಎಷ್ಟೋ ಜನ ಗೇರ್ ಜಾರಲು ಶುರುವಾದ ಮೇಲೆ ಬದಲಿಸುತ್ತಾರೆ, ಅಷ್ಟರಲ್ಲಿ ಕ್ಲಚ್ ಸವೆದಿರುತ್ತದೆ, ಆಮೇಲೆ ಹೊಸ ಎಣ್ಣೆಯನ್ನು ಬೈಯುತ್ತಾರೆ ಎಂದರು ಮೇಸ್ತ್ರಿ. ಮೆಷಿನ್ ಹಾಕಿ ಒತ್ತಡದಲ್ಲಿ ತೊಳೆಯುವುದು ಬೇಡ, ಎರಡು ಸಲ ಇಳಿಸಿ ತುಂಬೋಣ ಎಂದು ತೀರ್ಮಾನವಾಯಿತು.

ಕಾರನ್ನು ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಲಿಫ್ಟ್‌ಗೆ ಏರಿಸಿದರು. ಬರೀ ಜಾಕಿ ಕೊಟ್ಟು ಕೆಳಗೆ ನುಗ್ಗುವ ಧೈರ್ಯ ಯಾರೂ ಮಾಡಬಾರದು. ತಳದ ಬೋಲ್ಟ್ ಬಿಚ್ಚಿ ಇಳಿಸಿದ ಎಣ್ಣೆಯನ್ನು ಅಳೆದರೆ 3 ಲೀಟರ್‌ಗಿಂತ ಸ್ವಲ್ಪ ಹೆಚ್ಚು. ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತದೆ, ಎರಡನೇ ಸಲ ಬದಲಿಸುವುದು ಅದಕ್ಕೇ. ತಳದ ಪ್ಯಾನ್‌ನಲ್ಲಿರುವ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿತ್ತು. ಅದು ಸಹಜ ಸವೆತ. ಲೋಹದ ಚೂರುಗಳಿದ್ದರೆ ಚಿಂತೆ ಮಾಡಬೇಕಿತ್ತು. ಫಿಲ್ಟರ್, ಗ್ಯಾಸ್ಕೆಟ್, ಬೋಲ್ಟ್‌ನ ವಾಷರ್ ಹೊಸದು ಹಾಕಿದರು.

ಎಣ್ಣೆಯನ್ನು ಮ್ಯಾನುಯಲ್‌ನಲ್ಲಿ ಬರೆದಿರುವ ದರ್ಜೆಯದ್ದೇ ತರಬೇಕು. ಸಿವಿಟಿ ಕಾರಿನ ಎಣ್ಣೆ ಬೇರೆ, ನಮ್ಮಂಥದ್ದರ ಎಣ್ಣೆ ಬೇರೆ. ಅದಲುಬದಲಾದರೆ ಗೇರ್‌ಬಾಕ್ಸ್ ಕೆಡುತ್ತದೆ. ಇಳಿದಷ್ಟೇ ಅಳತೆಯ ಹೊಸ ಎಣ್ಣೆ ತುಂಬಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡೇ ಲಿವರನ್ನು ಪಾರ್ಕ್‌ನಿಂದ ಡ್ರೈವ್‌ವರೆಗೆ ಒಂದೊಂದು ಸ್ಥಾನದಲ್ಲೂ ಕೆಲವು ಕ್ಷಣ ನಿಲ್ಲಿಸಿ ವಾಪಸ್ ತಂದರು. ಎಣ್ಣೆ ಕಾದ ಮೇಲೆ, ಸಮತಟ್ಟಾದ ನೆಲದಲ್ಲಿ ಮತ್ತೆ ಕಡ್ಡಿ ನೋಡಿದರು. ನಮ್ಮ ಕಾರಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಕೆಲವು ಕಾರುಗಳಲ್ಲಿ ನಿಲ್ಲಿಸಿದ ಕೂಡಲೇ ನೋಡಬೇಕು. ಇನ್ನು ಕೆಲವಕ್ಕೆ ಕಡ್ಡಿಯೇ ಇಲ್ಲ, ನಿಗದಿತ ಬಿಸಿಯಲ್ಲಿ ಅಳೆಯಬೇಕು, ಅದು ಬಲ್ಲವರ ಕೆಲಸ. ಎಣ್ಣೆ ಕಡಿಮೆಯಾದರೂ ಕಷ್ಟ, ಹೆಚ್ಚಾಗಿ ನೊರೆ ಬಂದರೂ ಕಷ್ಟ. ಹಳೇ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಕ್ಯಾನ್‌ನಲ್ಲಿ ತುಂಬಿ, ಸಂಸ್ಕರಣೆಗೆ ಒಯ್ಯುವವರಿಗೆಂದು ಮೇಸ್ತ್ರಿ ಎತ್ತಿಟ್ಟರು.

500 ಕಿ.ಮೀ. ಓಡಿಸಿ ಇನ್ನೊಮ್ಮೆ ಬದಲಿಸಿದೆವು. ಎಲ್ಲ ಸೇರಿ 9 ಸಾವಿರದೊಳಗೆ ಮುಗಿಯಿತು. ಜಾರುವುದು ನಿಂತಿದೆ. ಆದರೆ ಏರಿನಲ್ಲಿ ಎರಡನೇ ಗೇರ್ ಬೀಳುವಾಗ ಈಗಲೂ ಸಣ್ಣ ಜಗ್ಗು ಇದೆ. 'ಅದು ಹೋಗಲ್ಲ ಸಾರ್, ಸವೆದಿದ್ದು ಸವೀತು. 70 ಸಾವಿರದಲ್ಲೇ ಬಂದಿದ್ರೆ ಈ ಮಾತೇ ಇರ್ತಿರ್ಲಿಲ್ಲ' ಎಂದರು ಮೇಸ್ತ್ರಿ. ನಮ್ಮ ಅದೃಷ್ಟಕ್ಕೆ ಉಳಿಯಿತು, ಎಲ್ಲರ ಗಾಡಿಯೂ ಉಳಿಯುತ್ತದೆಂದು ನಾವು ಹೇಳುವುದಿಲ್ಲ.

ಈಗ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇದೆ. ಯಾವ ಎಣ್ಣೆ, ಯಾವ ದಿನ, ಎಷ್ಟು ಕಿ.ಮೀ.ಗೆ ಎಂದು ಬರೆದು ಸಹಿ ಹಾಕುತ್ತೇವೆ. ಮುಂದಿನ ಬದಲಾವಣೆ 1 ಲಕ್ಷ 40 ಸಾವಿರಕ್ಕೆ. ಅದರ ಜವಾಬ್ದಾರಿಯನ್ನು ಎಡಗಾಲು ಸರಿಯಿಲ್ಲದ ನಮ್ಮ ಗೆಳೆಯ ತಾನೇ ವಹಿಸಿಕೊಂಡಿದ್ದಾನೆ. ನಿನ್ನೆ ಅವನೇ ಕಾರು ತೆಗೆದುಕೊಂಡು ತಾಲ್ಲೂಕು ಪಂಚಾಯ್ತಿ ಸಭೆಗೆ ಹೋಗಿದ್ದ.