ಮುಟ್ಟಿದರೆ ಮುನಿಯ ಮಿಡಿತ

ರುದ್ರಪಟ್ಟಣದ ಹೊಳೆದಂಡೆಯಲ್ಲಿ ಮುಟ್ಟಿದರೆ ಮುನಿ ಗಿಡದ ತುದಿ ಎಲೆಗೆ ಬೆರಳಲ್ಲಿ ಚಿಮ್ಮಿದೆ. ಎಲೆಗಳು ಜೋಡಿ ಜೋಡಿಯಾಗಿ ಬುಡದತ್ತ ಮಡಚಿಕೊಳ್ಳುತ್ತಾ ಹೋದವು, ಕೊನೆಗೆ ತೊಟ್ಟೇ ಜೋತುಬಿತ್ತು. ಒಳಗೆ ಓಡಿದ್ದು ವಿದ್ಯುತ್ ಸಂಕೇತ. ವೇಗ ಸೆಕೆಂಡಿಗೆ 2-3 ಸೆಂಟಿಮೀಟರ್, ಹೆಚ್ಚುಕಮ್ಮಿ ಇರುವೆ ನಡಿಗೆ!

ವಿಜ್ಞಾನಿ ಜಗದೀಶಚಂದ್ರ ಬೋಸರು ನೂರು ವರ್ಷದ ಹಿಂದೆಯೇ ಇದರ ಬೆನ್ನು ಹತ್ತಿದ್ದರು. ಅದನ್ನು ಅಳೆಯುವ ಯಂತ್ರ ಮಾಡಿಕೊಟ್ಟವರು ಸ್ಥಳೀಯ ಕುಶಲಕರ್ಮಿಗಳೇ. ಪೇಟೆಂಟ್ ಅಂದರೆ ಬೋಸರಿಗೆ ಅಷ್ಟಕ್ಕಷ್ಟೆ.

ಈಗ ಆರ್ಡುಯಿನೋ ಎಂಬ ಒಂದು ಎಲೆಕ್ಟ್ರಾನಿಕ್ ಬೋರ್ಡ್, ಪುಟ್ಟ ಆಂಪ್ಲಿಫೈಯರ್, ಬೆಳ್ಳಿ ತಂತಿ ಇದ್ದರೆ ಹೈಸ್ಕೂಲ್ ಮಕ್ಕಳೂ ಆ ಮಿಡಿತವನ್ನು ಪರದೆ ಮೇಲೆ ನೋಡಬಹುದು. ಪೇಟೆಂಟ್ ಒಲ್ಲದ ಬೋಸರ ಹಾದಿಯಲ್ಲೇ ಸರ್ಕ್ಯೂಟ್ ನಕ್ಷೆ, ಕೋಡ್ ಎಲ್ಲ ಪುಕ್ಕಟೆ ಸಿಗುತ್ತೆ. ತಂಬೂರಿ ಆಕಾರದ ಮಂದಿರ ಇರೋ ರುದ್ರಪಟ್ಟಣದ ಮಕ್ಕಳಿಗೆ ತಂತಿಯ ಸಹವಾಸ ಹೊಸದೇ? ತಾಳ್ಮೆ ಮಾತ್ರ ಬೇಕು. ಮುನಿದ ಎಲೆ ಮತ್ತೆ ಅರಳೋಕೆ 10-15 ನಿಮಿಷವಾದರೂ ಕಾಯಿಸುತ್ತೆ.