ಟೇಮರ್ ನದಿ ದಾಟಿದ್ರೆ ಜಾಮ್ ಮೊದಲು

ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ರೈಲು ಹತ್ತಿ ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಟೇಮರ್ ನದಿ ಬರುತ್ತೆ. ಅದರ ಮೇಲೆ ಎಂಜಿನಿಯರ್ ಬ್ರುನೆಲ್ ವಿನ್ಯಾಸ ಮಾಡಿದ, 1859ರಲ್ಲಿ ಶುರುವಾದ ಕಬ್ಬಿಣದ ಸೇತುವೆ. ಈಚೆ ಡೆವನ್, ಆಚೆ ಕಾರ್ನ್‌ವಾಲ್. ನದಿ ದಾಟಿದ ಕೂಡಲೇ ಸ್ಕೋನ್ ತಿನ್ನೋ ಕ್ರಮ ಉಲ್ಟಾ! ಡೆವನ್‌ನವರು ಮೊದಲು ಕ್ರೀಮ್ ಸವರಿ ಮೇಲೆ ಜಾಮ್ ಹಾಕ್ತಾರೆ. ಕಾರ್ನ್‌ವಾಲ್‌ನಲ್ಲಿ ಜಾಮ್ ಮೊದಲು. ಸಾಂಬಾರಿಗೆ ಬೆಲ್ಲ ಹಾಕ್ಬೇಕಾ ಬೇಡ್ವಾ ಅಂತ ನಾವು ಜಗಳ ಆಡ್ತೀವಲ್ಲ, ಹಾಗೇ ಇದೂ.

ಆ ಕ್ರೀಮ್ ಬೇರೇನಲ್ಲ, ನಮ್ಮ ಗಟ್ಟಿ ಕೆನೆಯ ಅಣ್ಣ.

ಆನ್‌ಸೈಟ್ ಹೋದವರಿಗೆ ಅಲ್ಲಿನ ಸಹೋದ್ಯೋಗಿ ಮಧ್ಯಾಹ್ನದ ಟೀಗೆ ಮನೆಗೆ ಕರೆದರೆ ಎದೆ ಡವಡವ. ನಿಜ ಹೇಳ್ಬೇಕಂದ್ರೆ ನಿಯಮಗಳು ಕಡಿಮೆ. ಮೂರು ತಟ್ಟೆಯ ಸ್ಟ್ಯಾಂಡ್ ಇದ್ದರೆ ಕೆಳಗಿನಿಂದ ಮೇಲಕ್ಕೆ: ಸ್ಯಾಂಡ್‌ವಿಚ್, ಸ್ಕೋನ್, ಕೊನೆಗೆ ಕೇಕ್. ಸ್ಕೋನನ್ನು ಕೈಯಲ್ಲೇ ಎರಡು ಹೋಳು ಮಾಡಿ. ಚಮಚ ಕಪ್ಪಿಗೆ ಟಣಟಣ ತಾಗದಂತೆ ಕಲಸಿ ಸಾಸರ್ ಮೇಲಿಡಿ. ಕಿರುಬೆರಳು ಎತ್ತೋದೆಲ್ಲ ಸಿನಿಮಾ ಮಾತು, ಬೇಡ.

ಈ ಪದ್ಧತಿ ಹುಟ್ಟಿದ್ದೇ ಹಸಿವಿನಿಂದ. 1840ರ ಆಸುಪಾಸಿನಲ್ಲಿ ಶ್ರೀಮಂತರ ಮನೆಗಳಲ್ಲಿ ರಾತ್ರಿ ಊಟ ತಡವಾಗ್ತಿತ್ತು. ಬೆಡ್‌ಫರ್ಡ್‌ನ ಡಚೆಸ್ ಆ್ಯನಾ ಸಂಜೆಯ ಮುಂಚೆ ಟೀ, ತಿಂಡಿ ತರಿಸಿಕೊಂಡು, ಆಮೇಲೆ ಗೆಳತಿಯರನ್ನೂ ಕರೆಯತೊಡಗಿದಳು ಅಂತ ಹೇಳ್ತಾರೆ.

ಟೀ ಬಗ್ಗಿಸೋದು ಒಬ್ಬರೇ. "ನಾನು ಅಮ್ಮ ಆಗ್ಲಾ?" ಅಂತ ತಮಾಷೆಯಾಗಿ ಕೇಳಿ ಕೆಟಲ್ ಎತ್ತಿಕೊಳ್ಳೋದು ಅಲ್ಲಿನ ರೂಢಿ, ಗಂಡಸರೂ ಹಾಗೇ ಕೇಳ್ತಾರೆ. ಹಾಲು ಬೇಕಾ, ಸಕ್ಕರೆ ಎಷ್ಟು, ಸ್ಟ್ರಾಂಗಾ ಲೈಟಾ ಅಂತ ಪ್ರತಿಯೊಬ್ಬರನ್ನೂ ಕೇಳೋದೇ ಅಲ್ಲಿನ ಉಪಚಾರ.

ನಮ್ಮವರು ಪೇಚಿಗೆ ಸಿಗೋದು ಇಲ್ಲೇ. ನಮ್ಮೂರಲ್ಲಿ "ಬೇಡ ಬೇಡ, ಈಗ್ತಾನೇ ಆಯ್ತು" ಅನ್ನೋದು ಮಾತಿನ ಆರಂಭ ಅಷ್ಟೇ. ಮನೆಯವರು ಮೂರು ಸಲ ಬಲವಂತ ಮಾಡ್ತಾರೆ, ನಾವು "ಸರಿ, ಸ್ವಲ್ಪ" ಅಂತೀವಿ. ಅಲ್ಲಿ 'ಬೇಡ' ಅಂದ್ರೆ ಬೇಡ. ತಟ್ಟೆ ಮುಂದಿನವರ ಕಡೆಗೆ ಹೋಗಿಬಿಡುತ್ತೆ. ಅದು ಅಲಕ್ಷ್ಯವಲ್ಲ, ನಿಮ್ಮ ಮಾತಿಗೆ ಕೊಟ್ಟ ಗೌರವ. ಹಸಿವಿದ್ದರೆ ಮೊದಲ ಸಲವೇ "ಹೂಂ, ಥ್ಯಾಂಕ್ಸ್" ಅಂದ್ಬಿಡಿ.

ಸಸ್ಯಾಹಾರಿ ಆಗಿದ್ದರೆ, ಮೊಟ್ಟೆ ತಿನ್ನದಿದ್ದರೆ ಕರೆದ ದಿನವೇ ತಿಳಿಸಿ. ಟೇಬಲ್ ಮುಂದೆ ಕೂತು ಹೇಳಿದರೆ ಹ್ಯಾಮ್ ಸ್ಯಾಂಡ್‌ವಿಚ್ ಮಾಡಿಟ್ಟವರಿಗೆ ಮುಜುಗರ. ಹೇಳಿದ ಟೈಮಿಗಿಂತ ಮುಂಚೆ ಹೋಗ್ಬೇಡಿ. ಒಂದು ಸಣ್ಣ ಉಡುಗೊರೆ, ಮರುದಿನ ಒಂದು ಥ್ಯಾಂಕ್ಸ್ ಮೆಸೇಜ್ ಇದ್ರೆ ಚೆಂದ.

ಇನ್ನು ಮುಖ್ಯವಾದ ವಿಷಯ: ವಾಪಸ್ ಕರೆಯಿರಿ. ಬಾಡಿಗೆ ರೂಮ್ ಚಿಕ್ಕದು, ಕಪ್ಪು ಜೋಡಿ ಇಲ್ಲ ಅಂತ ವರ್ಷಗಟ್ಟಲೆ ಹಿಂದೆ ಸರಿದರೆ ಪರಿಚಯ ಆಫೀಸಿನ ಗೇಟಿಗೇ ನಿಂತುಬಿಡುತ್ತೆ. ಶುಂಠಿ ಟೀ, ಬಿಸಿ ಉಪ್ಪಿಟ್ಟು, ಊರಿಂದ ತಂದ ಕೋಡುಬಳೆ ಸಾಕು. ಖಾರ ಆಗುತ್ತಾ, ಅಲರ್ಜಿ ಏನಾದ್ರೂ ಇದೆಯಾ ಅಂತ ಮೊದಲೇ ಕೇಳಿ. ಅವರು ಸಾಕು ಅಂದಾಗ ತಟ್ಟೆಗೆ ಇನ್ನೊಂದು ಸೌಟು ಹಾಕೋ ಆಸೆ ಬರುತ್ತಲ್ಲ, ಅದನ್ನ ತಡ್ಕೊಳ್ಳಿ. ಬೇಕಿದ್ದರೆ ಡಬ್ಬಿಗೆ ಹಾಕಿ ಕಳಿಸಬಹುದು, ಅದಕ್ಕೆ ಯಾವ ದೇಶದವರೂ ಬೇಡ ಅನ್ನಲ್ಲ.